ಸ್ಪೀಕರಿಗೆ ಹೊಲಿದ ಕೌದಿ

ಗೆಳೆಯರೇ, ಕೂಸಿಗೆ ಕೌದಿ ಹೊದಿಸುವವರು ಬೇಕಾದಷ್ಟು ಜನ ಇದ್ದಾರೆ; ಸ್ಪೀಕರಿಗೆ ಕೌದಿ ಹೊಲಿದವಳು ಮಾತ್ರ ನನ್ನ ಹೆಂಡತಿ ಶಾಂತಾ ಒಬ್ಬಳೇ ಇರಬೇಕು. ವಿಜಯಪುರದ ಧೂಳು ನಿಮಗೂ ಗೊತ್ತಲ್ಲ, ಬಾಗಿಲು ಹಾಕಿದರೆ ಕಿಟಕಿಯಿಂದ, ಕಿಟಕಿ ಹಾಕಿದರೆ ಬೆಳಕಿಂಡಿಯಿಂದ ಬರುವಂಥದ್ದು. ಮೂವತ್ತು ವರ್ಷಗಳ ಹಿಂದೆ ಮಾಸ್ತರಿಕೆಯ ಸಂಬಳದಲ್ಲಿ ನಾನು ಆ ತೇಗದ ಮೈಯ ಸ್ಪೀಕರ್ ಜೋಡಿಯನ್ನು ತಂದ ವಾರದಲ್ಲೇ, ಅವಳು ತನ್ನ ಹಳೆಯ ಇಳಕಲ್ ಸೀರೆ, ನನ್ನ ಹರಿದ ಅಂಗಿಗಳನ್ನು ಕೂಡಿಸಿ, ನೆತ್ತಿಯಿಂದ ಬುಡದವರೆಗೆ ಮುಚ್ಚುವ ಎರಡು ಕೌದಿಚೀಲ ಹೊಲಿದಳು. ಹಾಡು ಕೇಳುವಾಗಲೂ ಅವನ್ನು ತೆಗೆಯಲಿಲ್ಲ; ಹಾಡು ನಡೆದಿದೆಯೆಂದು ಧೂಳು ಹೊರಗೆ ಕಾಯುತ್ತದೆಯೇ? ಆ ಮೆತ್ತನೆಯ ದನಿಯೇ ಅವುಗಳ ಸ್ವಭಾವವೆಂದು ನಂಬಿ, ಬಂದವರೆದುರು ಅವುಗಳ ಸೌಮ್ಯತೆಯನ್ನು ಹೊಗಳಿದ್ದೂ ಉಂಟು.

ಈಗ ಎರಡು ಕೋಣೆಯ ಮನೆಗೆ ಹೋಗಬೇಕಾಗಿ, ಅವನ್ನು ಮಾರಲು ಒಪ್ಪಿದೆ. ಕೊಳ್ಳಲು ಬಂದವರು ಹೊನವಾಡದ ದಸ್ತಗೀರ್ ಸಾಹೇಬರು. ದ್ರಾಕ್ಷಿ ತೋಟದವರು, ಸಂಗೀತದ ಹುಚ್ಚಿನವರು. ಸಿತಾರಿನ ಕ್ಯಾಸೆಟ್ ಹಚ್ಚಿದೆ.

“ಮಾಸ್ತರ, ಮೊದಲ ಈ ಕೌದಿ ತೆಗೀರಿ. ಪಾಪ, ಸಿತಾರಕ್ಕ ಸೆಕಿ ಆಗಾಕತ್ತೈತಿ!”

ತೆಗೆದೆ. ತಂತಿಯ ಮೇಲೆ ಬೆರಳು ಜಾರುವ ಸದ್ದು, ವಾದಕ ಉಸಿರೆಳೆದುಕೊಂಡದ್ದು, ಎಲ್ಲ ಕೇಳಿಸಿತು. ಕಣ್ಣು ತುಂಬಿ ಬಂತು. ಕೊಡುವುದೇ ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಶಾಂತಾಳ ಮುಖ ಕಂಡಿತು.

“ಇಷ್ಟ ವರ್ಷ ನಿಮ್ಮ ಹಾಡು ನಾನ ಮುಚ್ಚಿಟ್ಟಿದ್ನೇನ್ರಿ?”

ಈಗ ಸ್ಪೀಕರುಗಳನ್ನು ಇಟ್ಟುಕೊಂಡರೆ, ಅವಳ ಮೂವತ್ತು ವರ್ಷದ ಜತನವನ್ನೇ ತಪ್ಪೆಂದು ಬರೆದುಕೊಟ್ಟಂತೆ. ಜತನವೂ ಪ್ರೀತಿಯೇ ಅಲ್ಲವೇ. ಅದಕ್ಕೆ ಕಿವಿ ತುಸು ಮಂದ, ಅಷ್ಟೇ.

“ನೀ ಮುಚ್ಚಿದ್ದಕ್ಕ ಇವತ್ತರ ಕೇಳಾಕ ಉಳದಾವ,” ಎಂದೆ.

“ಖರೇರಿ ಅಕ್ಕಾರ,” ಎಂದರು ಸಾಹೇಬರು, “ಇಷ್ಟ ಹೊಸಾದಂಗ ಇದ್ದ ಜೋಡಿ ನಾ ಎಲ್ಲೂ ನೋಡಿಲ್ಲ.”

ಕ್ಯಾಸೆಟ್ಟಿನ ಎರಡೂ ಬದಿಯನ್ನು ಮೂವರೂ ಕೂತು ಕೇಳಿದೆವು. ಆಮೇಲೆ ಶಾಂತಾಳೇ ದಾರಿಯ ಧೂಳಿಗೆಂದು ಕೌದಿ ಹೊದಿಸಿ ಅವನ್ನು ಗಾಡಿಗೆ ಹತ್ತಿಸಿದಳು. ಕೊನೆಯ ದಿನ ಆ ನಿಜದ ದನಿ ಕೇಳಿಸಿಕೊಟ್ಟ ಸಾಹೇಬರಿಗೆ ನಾನು ಋಣಿ.

ವಾರದ ಮೇಲೆ ಅವರು ಕೌದಿಗಳನ್ನು ಒಗೆದು ಮಡಚಿ, ಒಂದು ಬುಟ್ಟಿ ದ್ರಾಕ್ಷಿಯೊಂದಿಗೆ ಮರಳಿಸಿದರು. ಶಾಂತಾ ಹೊಲಿಗೆ ಬಿಚ್ಚಿ, ಎರಡನ್ನೂ ಸೇರಿಸಿ ಒಂದೇ ಕೌದಿ ಮಾಡಿದಳು. ಹೊಲಿಯುತ್ತ ಸಣ್ಣಗೆ ಗುನುಗುತ್ತಿದ್ದಳು. ಅವಳು ಹೊಲಿಯುವಾಗ ಹಾಡುತ್ತಾಳೆಂಬುದು ನನಗೆ ಮೂವತ್ತು ವರ್ಷ ಗೊತ್ತೇ ಇರಲಿಲ್ಲ. ಈಗ ಬೆಳಗಿನ ಚಳಿಗೆ ಆ ಕೌದಿಯನ್ನು ಮೈಮೇಲೆ ಎಳೆದುಕೊಂಡು, ಕಿವಿ ಮಾತ್ರ ಹೊರಗಿಟ್ಟು ಕೂರುತ್ತೇನೆ.