ರೇಡಿಯೋ ಮಾಮ ಕೂರಿಸಿದ ಧ್ವನಿ

ರೇಡಿಯೋ ಮಾಮನ ಎಡಗಿವಿ ಯಾವಾಗಲೂ ಬಲಗಿವಿಗಿಂತ ಕೆಂಪಗಿರುತ್ತಿತ್ತು. ರಿಪೇರಿಗೆ ಬಂದ ಯಾವ ಪೆಟ್ಟಿಗೆಗಾದರೂ ಮೊದಲು ಆ ಕಿವಿಯನ್ನು ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ರೇಡಿಯೋಗಳ ಕಾಲ ಮುಗಿದು ಲ್ಯಾಪ್‌ಟಾಪ್‌ಗಳು ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಮಾದಾಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ರಕ್ತಸಂಬಂಧವೇನೂ ಇಲ್ಲ, ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾಮ.

"ಬಿಚ್ಚಕ್ಕೆ ಬಿಡದ ಸಾಮಾನು ನಮ್ದಲ್ಲ ಕಣೋ" ಎನ್ನುವುದು ಅವರ ಮಾತು. ಅದಕ್ಕೇ ತಮ್ಮ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡಿದ್ದರು. ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ ವ್ಯವಸ್ಥೆ ಅದು. ಅದನ್ನು ಹೊಗಳಲು ಶುರು ಮಾಡಿದರೆ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗುತ್ತಿತ್ತು. ನಾನು ಆಕಳಿಸುತ್ತಿದ್ದೆ.

ಆಗ ಅಮ್ಮನ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಾ ಸಾಲಿನ ಆ ತುದಿಯವರನ್ನೂ ನಗಿಸುತ್ತಿದ್ದವಳು ಮನೆಯಿಂದಾಚೆ ಬರುವುದನ್ನೇ ಬಿಟ್ಟಳು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಟ್ಟೆ. ಹಣ್ಣು ಕುಯ್ದು ಕುಯ್ದು ಗಟ್ಟಿಯಾದ ಅವಳ ಬೆರಳ ತುದಿಗೆ ಫೋನಿನ ಗಾಜು ಓಗೊಡಲೇ ಇಲ್ಲ. ಕುಟ್ಟಿ ಸಾಕಾಗಿ, ಫೋನನ್ನು ನನ್ನ ಕೈಗಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಆ ಬೆನ್ನನ್ನು ನೋಡಲು ನನ್ನಿಂದಾಗಲಿಲ್ಲ.

ಮಾಮ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಬಂದರು. ಆ ಆ್ಯಪ್ ಫೋನಿಗೆ ಮಾತ್ರ ಮಾಡಿದ್ದಲ್ಲವಾ ಎಂದೆ.

"ಅದಕ್ಕೇ ಫೋನನ್ನೇ ಇದರೊಳಗೆ ಕೂರಿಸೋದು" ಎಂದರು.

ಕಂಟೇನರ್ ಅಂತ ಹೆಸರಂತೆ. ನನ್ನ ಪೆಚ್ಚುಮುಖ ನೋಡಿ, ಕಿಟಕಿಯಾಚೆ ಮಂಜಿನಲ್ಲಿ ಅರ್ಧ ಕರಗಿದ್ದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಕಡೆ ಕೈ ಮಾಡಿದರು. "ಅಲ್ನೋಡು. ಮೇಲಿನ ಸೂರು ಒಂದೇ, ಒಲೆ ಬೇರೆ ಬೇರೆ. ಆ ಮನೇಲಿ ಅನ್ನ ಸೀದ್ರೆ ಈ ಮನೇರ್ಗೇನು? ಹಂಗೇ ಇದೂವೆ, ಲ್ಯಾಪ್‌ಟಾಪ್ ಒಂದೇ, ಒಳಗೆ ಫೋನಿಂದು ಬೇರೆ ಮನೆ."

ಪರದೆಯ ಮೇಲೆ ಪುಟ್ಟದೊಂದು ಫೋನು ನಿಧಾನವಾಗಿ ಕಣ್ಣು ಬಿಟ್ಟಿತು. ಎತ್ತಲಾಗದ, ಜೇಬಿಗಿಡಲಾಗದ ಫೋನು. ಕನಸಿನಲ್ಲಿ ಕಂಡ ವಸ್ತುವಿನ ಹಾಗೆ. ಮಾಮ ಕೀಲಿಗಳಿಗೆ ಕನ್ನಡದ ಅಕ್ಷರ ಅಂಟಿಸಿದರು. ಅಮ್ಮ ಒತ್ತಿದಳು. ಅದು ಮಾತಾಡಿತು. ಇದು ನಾನಲ್ಲ ಎಂಬಂತೆ ಅಮ್ಮ ತಲೆಯಲ್ಲಾಡಿಸಿಬಿಟ್ಟಳು.

"ನಿಜ ಕಣಮ್ಮ, ಇವಳು ವಾರ್ತೆ ಓದೋಳು. ನೀನ್ಯಾವಾಗ ವಾರ್ತೆ ಓದಿದ್ದೆ?" ಎಂದು ಮಾಮ ಕೆಂಪುಕಿವಿಯನ್ನು ಸ್ಪೀಕರಿಗೆ ಒತ್ತಿದರು. ಧ್ವನಿಯನ್ನು ಒಂದಿಷ್ಟು ತಗ್ಗಿಸುವುದು, ವೇಗ ಇಳಿಸುವುದು, ಕೇಳುವುದು, ಮತ್ತೆ ತಗ್ಗಿಸುವುದು. ಹೊರಗೆ ಕಾಫಿ ಹೂವಿನ ಘಮ, ಒಳಗೆ ಹತ್ತಾರು ಅಪರಿಚಿತ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ಹೋದಂತೆ.

"ಕಣ್ಮುಚ್ಚು. ನಿಮ್ಮಮ್ಮ ಅಡುಗೆಮನೆಯಿಂದ ಕರ‍್ದಂಗೈತಾ?" ಎಂದು ನನ್ನನ್ನು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅವರಿಗೆ ಬೇಸರವೆಂಬುದೇ ಇರಲಿಲ್ಲ.

ಮಧ್ಯಾಹ್ನ ಜಾರಿತು. ಕಣ್ಣು ಮುಚ್ಚಿಯೇ ಕೂತಿದ್ದಾಗ ಯಾರೋ ತಗ್ಗಿದ ದನಿಯಲ್ಲಿ, ನಿಧಾನವಾಗಿ ಅಂದರು: "ಬೆಳಿಗ್ಗೆಯಿಂದ ಇಬ್ರೂ ಏನೂ ತಿಂದಿಲ್ಲ. ಎದ್ದೇಳಿ."

ಅಮ್ಮನೇ ಒತ್ತಿದ್ದಳು. ನಾನು ಅತ್ತುಬಿಟ್ಟೆ. ಮಾಮ ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಹೋದರು. ಮತ್ತೆ ವಾಪಸ್ ಕೇಳಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಅಮ್ಮ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಇಡೀ ಹೊತ್ತು ತೆರೆಯದೆ ಅವರ ಪಕ್ಕ ಕೂತಿದ್ದಳು. ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೊರಡಬಾರದು, ಸುಮ್ಮನೆ ಎದ್ದು ಬರಬೇಕು. ಅಮ್ಮನಿಗೂ ಅದು ಗೊತ್ತು. ಆದರೂ ಲ್ಯಾಪ್‌ಟಾಪ್ ತೆರೆದಳು, ಒಳಗಿನ ಫೋನು ಏಳುವವರೆಗೆ ಕಾದಳು.

"ಹೋಗಿ ಬರ್ತೀನಿ ಅಣ್ಣ" ಎಂದಿತು ಧ್ವನಿ.

ಮನೆ ತುಂಬ ಜನ ತಿರುಗಿ ನೋಡಿದರು. "ಹಂಗನ್ಬಾರ್ದು ಕಣವ್ವ" ಎಂದರು ಹಿರಿಯರೊಬ್ಬರು.

ತಲೆದೆಸೆಯಲ್ಲಿ ಕೂತಿದ್ದ ಮಾಮನ ಹೆಂಡತಿ ಮುಖವೆತ್ತಿದರು. "ಅನ್ಲಿ ಬಿಡಿ. ಅವಳು ಮಾತಾಡ್ಲಿ ಅಂತ್ಲೇ ಅಲ್ವಾ ಇವರು ಅಷ್ಟು ಒದ್ದಾಡಿದ್ದು."