ಶಿಬಿರದ ಕೊರತೆ ತುಂಬಿದ ಭಕ್ತರು

ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಕರಪತ್ರವೊಂದು ಜಾರಿತು. ಮಕ್ಕಳ ಬೇಸಿಗೆ ಶಿಬಿರ: ಶ್ಲೋಕ, ಯೋಗ, ಈಜು. ಶುಲ್ಕ ನೋಡಿ ಕಾಫಿ ಗಂಟಲಲ್ಲೇ ನಿಂತಿತು. ತೊಂಬತ್ತರ ದಶಕದಲ್ಲಿ ಚಿನಕುರಳಿಯಲ್ಲಿ ನಾವು ಹತ್ತು ದಿನದ ಶಿಬಿರವನ್ನು ತಲೆಗೆ ಹದಿನೈದು ರೂಪಾಯಿಗೆ ನಡೆಸುತ್ತಿದ್ದೆವು ಎಂದರೆ ನೀವು ನಗುತ್ತೀರಿ.

ನಡೆಸುತ್ತಿದ್ದದ್ದು ಊರಿನ ಭಜನಾ ಮಂಡಳಿ. ಪಾಂಡವಪುರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ತಪ್ಪಿಗೆ ಅದರ ಲೆಕ್ಕ ನನ್ನ ಪಾಲಿಗೆ ಬಂತು. ರಾಗಿ, ಅಕ್ಕಿ ಮನೆಮನೆಯಿಂದ ಬರುತ್ತಿದ್ದವು, ಬೆಲ್ಲ ಆಲೆಮನೆಯಿಂದ. ಎಣ್ಣೆ, ಸೌದೆ, ಹಾರ್ಮೋನಿಯಂ ಬಾಡಿಗೆಗೆ ಮಾತ್ರ ದುಡ್ಡೇ ಬೇಕು. ಪ್ರತಿ ವರ್ಷ ಕೊನೆಯ ದಿನ ಕೊರತೆ. ಅದೇ ದಿನ ‘ಒಬ್ಬ ಭಕ್ತರಿಂದ’ ಮುನ್ನೂರು ರೂಪಾಯಿ ಜಮೆ. ಯಾರು ಆ ಭಕ್ತರು ಎಂದು ಕೇಳಿದರೆ ಅಧ್ಯಕ್ಷರು, “ದೇವ್ರು ಕೊಡ್ತಾನೆ, ನೀವು ಬರ್ಕಳಿ ಸಾ” ಅನ್ನುತ್ತಿದ್ದರು.

ನಾನೋ ಬಸ್ಸಿನಲ್ಲಿ ಪಕ್ಕದವರ ಕಾಗದವನ್ನೂ ಓದುವ ಜಾತಿ. ಮೂರನೇ ವರ್ಷ ಕೊನೆಯ ದಿನ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಅಡುಗೆಯ ಬೋರೇಗೌಡರ ಕೂಲಿಯೂ ಮುನ್ನೂರು. ಕೊಟ್ಟ ದಿನವೇ ಅಷ್ಟೂ ವಾಪಸು ಬಂದಿದೆ!

ಸಂಜೆ ಸಮಾರೋಪದಲ್ಲಿ ಪತ್ತೇದಾರನ ಹೆಮ್ಮೆಯಿಂದ ಮೈಕು ಹಿಡಿದು ಅವರ ಹೆಸರು ಹೇಳಿಯೇಬಿಟ್ಟೆ. ಚಪ್ಪಾಳೆ ಬಿತ್ತು. ಗೌಡರು ಮಾತ್ರ ಸೌಟು ಹಿಡಿದುಕೊಂಡೇ ಹೆಂಗಸರ ಸಾಲಿನತ್ತ ನೋಡುತ್ತಿದ್ದರು. ಅಲ್ಲಿ ಅವರ ಹೆಂಡತಿ ಸಾಕಮ್ಮ ಎದ್ದು ನಿಂತಿದ್ದರು.

“ಮೂರ್ ವರ್ಸದಿಂದ ಕೂಲಿ ಕೊಡಾಕಿಲ್ಲ ಅಂತಿದ್ರಲ್ಲ?”

“ನಿಂಗೇಳಿದ್ರೆ ಬ್ಯಾಡ ಅಂತಿದ್ದೆ ಕಣಮ್ಮಿ.”

“ಒಂದ್ಸಲನಾದ್ರೂ ಕೇಳಿದ್ರಾ?”

ಅಷ್ಟೇ. ಆಕೆ ಹೊರಟುಹೋದರು. ನಾನು ಅಡುಗೆಯ ಚಪ್ಪರಕ್ಕೆ ಹೋಗಿ ಕ್ಷಮೆ ಕೇಳಿದೆ. ಗೌಡರು ತಲೆ ಎತ್ತದೆ, “ನಿಮ್ ಲೆಕ್ಕ ಸರಿಯಾಗೇ ಅದೆ ಬುಡಿ ಸಾ. ತಪ್ಪಿದ್ದು ನಂದು” ಅಂದರು.

ಮರುವರ್ಷ ಅವರು ಬರಲಾರರು ಎಂದುಕೊಂಡಿದ್ದೆ. ಗಂಡ ಹೆಂಡತಿ ಇಬ್ಬರೂ ಬಂದರು. ಸಾಕಮ್ಮನೂ ಹತ್ತು ದಿನ ಒಲೆಯ ಮುಂದೆ ಬೆಂದರು. ಕೊನೆಯ ದಿನ ತಮ್ಮ ಕೂಲಿಯನ್ನು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, “ನಮ್ಮನೆವ್ರದ್ದು ದೇವ್ರಿಗೆ, ನಂದು ನಂಗೆ. ಅಂಗೇ ಬರ್ಕಳಿ ಸಾ” ಅಂದರು.

ಹೀಗೆ ಖರ್ಚು ಹೆಚ್ಚಿತು. ಅಧ್ಯಕ್ಷರು ನನ್ನ ಮುಖ ನೋಡಿದರು. ಆ ವರ್ಷ ಎರಡನೆಯ ಭಕ್ತ ನಾನೇ ಆದೆ.

ಈಗಲೂ ಎಲ್ಲಿಗಾದರೂ ದೇಣಿಗೆ ಕೊಡುವ ಮುಂಚೆ ಮನೆಯಲ್ಲಿ ಕೇಳುತ್ತೇನೆ. ಹೆಂಡತಿ ಹೇಳುವ ಮೊತ್ತ ಎಷ್ಟೋ ಸಲ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿರುತ್ತದೆ.