ಲ್ಯಾಪ್‌ಟಾಪ್‌ಗಳನ್ನು ಎಬ್ಬಿಸುವ ಭಾಗವ್ವ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಮುಂಬಯಿಯ ಜೋಗೇಶ್ವರಿ ಪೂರ್ವದ ಒಂದು ಕೈಗಾರಿಕಾ ಕಟ್ಟಡದ ಎರಡನೇ ಮಹಡಿಯಲ್ಲಿ ಭಾಗವ್ವ ಶಟರ್ ಎತ್ತಿ ಒಳಗೆ ಬರುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ದೀಪ ಹಾಕುವುದಿಲ್ಲ. ಕತ್ತಲಲ್ಲಿ ಉದ್ದನೆಯ ಮೂರು ಮೇಜುಗಳ ಮೇಲೆ ಮೂವತ್ತೆಂಟು ಲ್ಯಾಪ್‌ಟಾಪ್‌ಗಳು ಮುಚ್ಚಳ ಮುಚ್ಚಿಕೊಂಡು ಮಲಗಿವೆ. ನಿನ್ನೆ ಸಂಜೆ ಏಳಕ್ಕೆ ಪೂರ್ತಿ ಚಾರ್ಜ್ ಮಾಡಿ, ವೈರು ಕಿತ್ತು ಮಲಗಿಸಿದವರೂ ಅವರೇ.

ಎಡಗಡೆಯ ತುದಿಯಿಂದ ಶುರು. ಎರಡೂ ಹೆಬ್ಬೆರಳುಗಳಿಂದ ಮುಚ್ಚಳ ಎತ್ತುತ್ತಾರೆ, ಒಂದು ಕ್ಷಣ ಕಾಯುತ್ತಾರೆ. ಪರದೆಯ ಮೇಲೆ ಹಿಮದ ಬೆಟ್ಟವೊಂದು ಮೂಡುತ್ತದೆ. ಮುಂದಿನದರಲ್ಲಿ ಸರೋವರ. ಅದರ ಮುಂದಿನದರಲ್ಲಿ ನೇರಳೆ ಬಣ್ಣದ ಮರಳುಗಾಡು. ಹತ್ತು ನಿಮಿಷದಲ್ಲಿ ಕೋಣೆಯ ತುಂಬ ಯಾವ್ಯಾವುದೋ ದೇಶದ ಬೆಳಗಾಗುತ್ತದೆ. ಆ ನೀಲಿ ಬೆಳಕು ಭಾಗವ್ವನ ಮುಖದ ಮೇಲೆ, ಇಳಕಲ್ ಸೀರೆಯ ಸೆರಗಿನ ಮೇಲೆ ನೀರಿನಂತೆ ಆಡುತ್ತದೆ.

“ಎಬ್ಬಸೂಮುಂದ ದೀಪಾ ಹಚ್ಚಬಾರದ್ರಿ. ಕತ್ತಲಾಗ ಆದ್ರ ಸ್ಕ್ರೀನಿನ್ಯಾಗ ಸಾಸಿವಿಯಷ್ಟು ಬಿಳಿ ಚುಕ್ಕಿ ಇದ್ರೂ ಕಾಣತೈತಿ,” ಎನ್ನುತ್ತಾರೆ. ಇನ್ನೊಂದು ಮುಚ್ಚಳ ಎತ್ತಿ, “ಮತ್ತ ಖರೆ ಹೇಳಬೇಕಂದ್ರ, ಚಂದ ಕಾಣತೈತ್ರಿ,” ಎಂದು ನಗುತ್ತಾರೆ.

ಇದು ‘ನಿದ್ದಿ ಪರೀಕ್ಷಾ’. ಹೆಸರಿಟ್ಟವರು ಅವರೇ. ಹನ್ನೊಂದು ತಾಸು ಮಲಗಿದ ಯಂತ್ರ ಎಷ್ಟು ಚಾರ್ಜ್ ಕಳೆದುಕೊಂಡಿದೆ ಎಂಬುದು ಪರದೆಯ ಮೂಲೆಯ ಅಂಕಿಯಲ್ಲಿ ಗೊತ್ತಾಗುತ್ತದೆ. ಇಳಿಕೆ ನೂರಕ್ಕೆ ಐದರೊಳಗೆ ಇದ್ದರೆ ಗಟ್ಟಿ. ಹತ್ತರವರೆಗೆ ನಡೆಯುತ್ತದೆ. ಹದಿನೈದು ದಾಟಿದ್ದು ರಿಪೇರಿಯ ಮೇಜಿಗೆ ಹೋಗುತ್ತದೆ. ಮುಚ್ಚಳ ಎತ್ತಿದರೂ ಕಣ್ಣು ಬಿಡದ ಯಂತ್ರಗಳು ದಿನಕ್ಕೆ ಒಂದೋ ಎರಡೋ ಇರುತ್ತವೆ. ಅವುಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ. “ರಾತ್ರಿ ಎಲ್ಲಾ ನಿದ್ದಿನ ಮಾಡಿಲ್ಲ ಇದು. ಒಳಗೊಳಗ ಎದ್ದು ಕುಂತಿತ್ತು.”

ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಈ ಗಾಳಾಕ್ಕೆ ಬರುತ್ತವೆ. ಗಾಳಾ ಎಂದರೆ ಮುಂಬಯಿಯಲ್ಲಿ ಒಂದೇ ಕೋಣೆಯ ಕಾರ್ಖಾನೆ. ಇಲ್ಲಿ ಅವುಗಳ ಹಳೆಯ ನೆನಪನ್ನೆಲ್ಲ ಅಳಿಸಿ, ಹೊಸದಾಗಿ ಸಿಸ್ಟಮ್ ಹಾಕಿ ಮಾರುತ್ತಾರೆ. ಹೊರಗಿನಿಂದ ನೋಡಿದರೆ ಯಾವುದರೊಳಗೆ ಯಾವ ಸಿಸ್ಟಮ್ ಇದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಭಾಗವ್ವ ಮುಚ್ಚಳದ ಮೂಲೆಗೊಂದು ಟಿಕಳಿ ಅಂಟಿಸುತ್ತಾರೆ, ಹಣೆಗೆ ಹಚ್ಚಿಕೊಳ್ಳುವ ಟಿಕಳಿಯನ್ನೇ. ವಿಂಡೋಸ್‌ಗೆ ಕೆಂಪು, ಲಿನಕ್ಸ್‌ಗೆ ಹಸಿರು, ಮ್ಯಾಕ್‌ಗೆ ಕರಿ. ಎಂಟು ಜನ ಕೆಲಸ ಮಾಡುವ ಆ ಗಾಳಾದಲ್ಲಿ ಈಗ ಯಾರೂ ಸಿಸ್ಟಮ್‌ಗಳ ಹೆಸರು ಹೇಳುವುದಿಲ್ಲ. “ಎರಡು ಕೆಂಪು, ಒಂದು ಹಸಿರು ಪ್ಯಾಕ್ ಮಾಡು” ಎಂದರೆ ಆಯಿತು.

ಭಾಗವ್ವನಿಗೆ ನಲವತ್ತೇಳು ವರ್ಷ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ. 2006ರಲ್ಲಿ ಗಂಡ ಪರಪ್ಪನ ಜತೆ ಕಟ್ಟಡ ಕೆಲಸಕ್ಕೆ ಬಂದರು. ಆರು ವರ್ಷದ ನಂತರ ಮಲಾಡಿನಲ್ಲಿ ಐದನೇ ಮಹಡಿಗೆ ಕಟ್ಟಿದ್ದ ಸಾರ್ವೆಯಿಂದ ಪರಪ್ಪ ಬಿದ್ದರು. ಬದುಕಿದರು. ಎಡಗಾಲು ಎಳೆಯುತ್ತ ಈಗ ಅಲ್ಲೇ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾರೆ. ಭಾಗವ್ವ 2015ರಲ್ಲಿ ಈ ಗಾಳಾಕ್ಕೆ ಕಸ ಹೊಡೆಯಲು ಸೇರಿದರು. ಕಸ ಹೊಡೆಯುತ್ತ, ಕೀಬೋರ್ಡಿನ ಕೆಟ್ಟ ಕೀಲಿಯ ಸದ್ದು ಬೇರೆ, ಒಳ್ಳೆಯ ಕೀಲಿಯ ಸದ್ದು ಬೇರೆ ಎಂದು ಕಂಡುಕೊಂಡರು. ಮಾಲೀಕ ಯಲ್ಲಾಲಿಂಗ ಮೊದಲು ನಕ್ಕರು. ಆಮೇಲೆ ಪರೀಕ್ಷೆ ಮಾಡಿದರು. ಆಮೇಲೆ ಪೊರಕೆ ಬಿಡಿಸಿದರು. ಈಗ ದಿನಕ್ಕೆ ಮೂವತ್ತೆಂಟು ಕೀಬೋರ್ಡ್, ಒಂದೊಂದಕ್ಕೆ ಎಂಬತ್ತರ ಹತ್ತಿರ ಕೀಲಿ. ಮೂರು ಸಾವಿರ ಸಲ ಬೆರಳು ಒತ್ತುತ್ತದೆ, ಕಿವಿ ಕೇಳುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಅವರು ಓದುವುದಿಲ್ಲ, ಗುರುತಿಸುತ್ತಾರೆ.

“ಕನಸಿನ್ಯಾಗೂ ಒತ್ತತಿರ್ತಾಳ್ರಿ,” ಎನ್ನುತ್ತಾರೆ ಪರಪ್ಪ. “ಒಮ್ಮೆ ನನ್ನ ಬೆನ್ನ ಮ್ಯಾಲ ಒತ್ತಿ, ‘ಈ ಕೀಲಿ ಸಡ್ಲ ಆಗೈತಿ’ ಅಂದ್ಳು.”

ಭಾನುವಾರ ಗಾಳಾಕ್ಕೆ ರಜೆ, ಭಾಗವ್ವನಿಗಲ್ಲ. ಅವರು ಇರುವ ಸಾಲುಮನೆಗಳ ಚಾಳಿನವರು, ಅವರ ಪರಿಚಯದವರು ಸಲಹೆ ಕೇಳಲು ಗಾಳಾಕ್ಕೇ ಬರುತ್ತಾರೆ. ಯಾವುದು ತೊಗೊಳ್ಳಲಿ ಎಂದು ಕೇಳಿದರೆ ಅವರು ಯಂತ್ರದ ಮಾತೇ ಎತ್ತುವುದಿಲ್ಲ. ಎಲ್ಲಿ ಕುಂತು ಕೆಲಸ ಮಾಡ್ತೀರಿ, ಪ್ಲಗ್ ಎಷ್ಟು ದೂರ ಐತಿ, ಲೋಕಲ್ ರೈಲಿನ್ಯಾಗ ನಿಂತು ಹೋಗ್ತೀರೋ ಕುಂತೋ, ಮನ್ಯಾಗ ಯಾರ ಯಾರ ಅದನ್ನ ಮುಟ್ಟತಾರು ಎಂದು ವಿಚಾರಿಸುತ್ತಾರೆ. ಕನ್ಯೆ ನೋಡಲು ಬಂದವರು ಕೇಳಿದ ಹಾಗೆ ಕೇಳುತ್ತಾಳೆ ಎಂದು ಚಾಳಿನಲ್ಲಿ ಅವರನ್ನು ಚೇಷ್ಟೆ ಮಾಡುತ್ತಾರೆ.

ಈ ವರ್ಷದ ಫೆಬ್ರುವರಿಯ ಒಂದು ಭಾನುವಾರ ಸಯನ್‌ನಿಂದ ಶಾಂತಪ್ಪ ಬಂದರು. ಎಪ್ಪತ್ತೊಂದರ ಶಾಂತಪ್ಪ ಔಷಧಿ ಅಂಗಡಿಯಲ್ಲಿ ಕಂಪೌಂಡರ್ ಆಗಿದ್ದವರು. ಹದಿನೆಂಟು ವರ್ಷಗಳಿಂದ ಮುಂಜಾನೆ ಎಂಟರಿಂದ ಒಂದರವರೆಗೆ ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದ ಕಾರಿಡಾರಿನಲ್ಲಿ ಕೂರುತ್ತಾರೆ. ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಹಿಂದಿ, ಮರಾಠಿ ಬಾರದೆ ನಿಂತವರ ನೋವನ್ನು ಡಾಕ್ಟರಿಗೆ ದಾಟಿಸುವುದು ಅವರು ತಾವೇ ವಹಿಸಿಕೊಂಡ ಕೆಲಸ. ಬಿದ್ದ ಪರಪ್ಪನನ್ನು ಅಲ್ಲಿಗೆ ತಂದ ದಿನ, ಬಾಯಿ ಕಟ್ಟಿ ನಿಂತಿದ್ದ ಭಾಗವ್ವನ ಪರವಾಗಿ ಮಾತಾಡಿದವರೂ ಅವರೇ.

ಕೇಳಿದ ನೋವುಗಳನ್ನೆಲ್ಲ ಶಾಂತಪ್ಪ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದರು. ‘ಎದಿ ಮ್ಯಾಲ ಕಲ್ಲ ಇಟ್ಟಂಗ ಐತಿ.’ ‘ಹೊಟ್ಟಿಯೊಳಗ ತಿರುವಿದಂಗ ಆಗತೈತಿ.’ ಪ್ರತಿ ಸಾಲಿನ ಕೆಳಗೆ ಅದರ ಹಿಂದಿ, ಮರಾಠಿ, ಕನ್ನಡ ಲಿಪಿಯಲ್ಲೇ. ಒಟ್ಟು 1,412 ಸಾಲು. ಈಗ ಆ ಡೆಸ್ಕ್‌ಟಾಪ್ ಸಾಯುವ ಹಂತದಲ್ಲಿದೆ. ಅದಕ್ಕಿಂತ ದೊಡ್ಡದು, ಅವರ ಕಣ್ಣಿಗೆ ಬಂದ ಗ್ಲಾಕೋಮಾ. ಉಳಿದ ದೃಷ್ಟಿ ಉಳಿಸಿಕೊಳ್ಳಿ ಎಂದಷ್ಟೇ ಡಾಕ್ಟರು ಹೇಳಿದ್ದಾರೆ. ಶಾಂತಪ್ಪನಿಗೆ ಬೇಕಾದದ್ದು ಹೊಸ ಲ್ಯಾಪ್‌ಟಾಪ್, ಮತ್ತು ಆ ಸಾಲುಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಧ್ವನಿ. ಕಣ್ಣು ಪೂರ್ತಿ ಹೋದರೆ ಪಟ್ಟಿ ಇದ್ದೂ ಇಲ್ಲದಂತೆ.

“ಇನ್ನೊಂದ್ ಐತಿ, ಭಾಗವ್ವ,” ಎಂದರು ಅವರು ದನಿ ತಗ್ಗಿಸಿ. “ಹೆಣಮಕ್ಕಳೊಳಗ ಗಟ್ಟಿ ಇದ್ದ ಕೆಲವರು ಹೇಳಿದ್ದು ಪಟ್ಟ್ಯಾಗ ಐತಿ, ಉಳದವರು ತಮ್ಮ ತ್ರಾಸ ಈ ಮುದುಕನ ಮುಂದ ಹೇಳಂಗಿಲ್ಲ. ತ್ರಾಸ ಐತ್ರಿ ಅಂತಾರ, ನೆಲಾ ನೋಡತಾರ. ಹೆಂಗಸಿನ ದನಿ ಓದಿದ್ರ ಕೇಳಿ, ‘ಹಾಂ, ಇದs’ ಅಂತ ತೋರಸ್ಯಾರು.”

ಜತೆಗೆ ಬಂದಿದ್ದ ಮಗಳು ಶೀತಲಳ ಮನಸ್ಸು ಆಗಲೇ ಗಟ್ಟಿಯಾಗಿತ್ತು. ಮಲಾಡಿನ ಶೋರೂಮಿನಲ್ಲಿ ನೋಡಿದ ತೆಳ್ಳನೆಯ ಮ್ಯಾಕ್. “ಪಪ್ಪಾ, ಅದೇ ತೊಗೊಳ್ಳಿ ನಾ. ಎಷ್ಟು ಹಗುರ ಹೈ! ಅಕ್ಷರ ಎಷ್ಟು ಕ್ಲಿಯರ್ ಕಾಣ್ತದೆ. ಭಾಗವ್ವ ಮೌಶಿ, ನೀವೇ ಸಮಝಾಯಿಸಿ.” ಆಸ್ಪತ್ರೆಯ ಗೆಳೆಯರು ವಿಂಡೋಸ್ ಎಂದಿದ್ದರು, ಎಲ್ಲರಿಗೂ ರೂಢಿ ಇರುವುದು ಅದೇ ಎಂದು. ಗಾಳಾದ ತಂತ್ರಜ್ಞನೊಬ್ಬ ಲಿನಕ್ಸ್ ಎಂದಿದ್ದ, ಹಳೆಯ ಯಂತ್ರದಲ್ಲೂ ಹಗುರಾಗಿ ಓಡುತ್ತದೆ ಎಂದು. ಮೂವರ ವಾದವೂ ಸುಳ್ಳಲ್ಲ.

ಭಾಗವ್ವ ವಾದಕ್ಕಿಳಿಯಲಿಲ್ಲ. ಕೆಂಪು, ಹಸಿರು, ಕರಿ ಟಿಕಳಿಯ ಒಂದೊಂದು ಯಂತ್ರವನ್ನು ಸಾಲಾಗಿಟ್ಟು, “ಪೆನ್ ಡ್ರೈವ್ ತಂದೀರೇನ್ರಿ ಕಾಕಾ?” ಎಂದರು.

ಮೂರರಲ್ಲೂ ಫೈಲು ತೆರೆದುಕೊಂಡಿತು. ಮೂರರಲ್ಲೂ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಶಾಂತಪ್ಪ ಬಳಸಿದ್ದ ಹಳೆಯ ಅಕ್ಷರಶೈಲಿಯನ್ನು ರಜೆಯಿದ್ದರೂ ಅಂದು ಬಂದಿದ್ದ ಗಾಳಾದ ಹುಡುಗಿಯೊಬ್ಬಳು ಹುಡುಕಿ ಹಾಕಿದ ಮೇಲೆ ಪರದೆಯ ಮೇಲೆ ಸಾಲುಗಳು ಮೂಡಿದವು. ಶೀತಲ ಚಪ್ಪಾಳೆ ತಟ್ಟಿದಳು. ಭಾಗವ್ವ ಮಾತ್ರ, “ಈಗ ಓದಸ್ರಿ” ಎಂದರು.

ಮ್ಯಾಕ್‌ನ ಹೆಂಗಸಿನ ದನಿ ಇಂಪಾಗಿ ಶುರುಮಾಡಿತು. ಎದೆ ಎನ್ನಲಿಲ್ಲ, ಕಲ್ಲು ಎನ್ನಲಿಲ್ಲ. “ಝಡ್, ಡಾಲರ್, ಎ, ಅಲ್ಪವಿರಾಮ” ಎಂದು ಒಂದೇ ಸಮ ಹೇಳುತ್ತ ಹೋಯಿತು. ಉಳಿದೆರಡೂ ಅದನ್ನೇ ತಮ್ಮ ತಮ್ಮ ದನಿಯಲ್ಲಿ ಹೇಳಿದವು. ಹದಿನೆಂಟು ವರ್ಷದ ನೋವು ಕೋಣೆಯ ತುಂಬ ಡಾಲರ್, ಪ್ರತಿಶತ ಆಗಿ ಉದುರಿತು.

ಶಾಂತಪ್ಪ ಸ್ಟೂಲಿನ ಮೇಲೆ ಕುಳಿತುಬಿಟ್ಟರು. “ಹಂಗಾರ ಇಷ್ಟು ವರ್ಷ ನಾ ಬರದದ್ದರ ಏನು?”

“ನೀವು ಬರದದ್ದು ಒಳಗs ಐತ್ರಿ, ಎಲ್ಲೂ ಹೋಗಿಲ್ಲ,” ಎಂದರು ಭಾಗವ್ವ. “ಮೈ ಇಂಗ್ಲಿಷಿಂದು, ಮ್ಯಾಲಿನ ಅಂಗಿ ಅಷ್ಟs ಕನ್ನಡದ್ದು. ಕಣ್ಣಿಗೆ ಅಂಗಿ ಕಾಣತೈತಿ. ದನಿಗೆ ಕಣ್ಣಿಲ್ಲಲ್ರಿ, ಅದು ಮೈ ಮುಟ್ಟಿ ಹೇಳತೈತಿ.”

ಮಲಾಡಿನ ಮುದ್ರಕರೊಬ್ಬರ ಹಳೆಯ ಮದುವೆ ಪತ್ರಿಕೆಗಳಲ್ಲಿ ಇದೇ ತೊಡಕನ್ನು ಭಾಗವ್ವ ಹಿಂದೆ ನೋಡಿದ್ದರು. ಹಿಂದಿನ ತಂತ್ರಾಂಶಗಳು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದವು. ಯುನಿಕೋಡ್ ಬಂದ ಮೇಲೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಬಹುದು. ಆದರೆ ಪರಿವರ್ತನೆಯಲ್ಲಿ ಅಲ್ಲಲ್ಲಿ ತಪ್ಪು ನುಸುಳುತ್ತದೆ. ಇದು ರೋಗಿಗಳ ವಿಷಯ, ಒಂದು ಸಾಲೂ ತಪ್ಪುವಂತಿಲ್ಲ.

“ಮೊದಲು ನಿಮ್ಮ ಮಾತು ಬಿಡಿಸ್ಕೊಳ್ರಿ. ಮಷಿನ್ ಆಮ್ಯಾಲ,” ಎಂದು ಭಾಗವ್ವ ಅಂದು ಯಾವ ಲ್ಯಾಪ್‌ಟಾಪನ್ನೂ ಹೇಳದೆ ಕಳಿಸಿದರು.

ಗಾಳಾದ ಆ ಹುಡುಗಿ ಫೈಲನ್ನು ಯುನಿಕೋಡಿಗೆ ಪರಿವರ್ತಿಸಿ ಕೊಟ್ಟಳು, ತಪ್ಪು ಹುಡುಕಲು ಹನ್ನೊಂದು ಭಾನುವಾರ ಹಿಡಿಯಿತು. ಖಾಲಿ ಗಾಳಾದಲ್ಲಿ ಯಂತ್ರದ ದನಿ ಸಾಲು ಸಾಲಾಗಿ ಓದುತ್ತದೆ. ಶಾಂತಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ. ಭಾಗವ್ವ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾರೆ. ಕಿಟಕಿಯಾಚೆ ಲೋಕಲ್‌ಗಳು ಹಾದುಹೋಗುತ್ತವೆ. ಒಳಗೆ ಯಾರ್ಯಾರದೋ ಸೊಂಟ, ಯಾರ್ಯಾರದೋ ಎದೆ, ಎಂದೋ ವಾಸಿಯಾದ ಜ್ವರಗಳು, ವಾಸಿಯಾಗದವು, ತೇಲುತ್ತ ಬರುತ್ತವೆ. ದನಿ ಎಲ್ಲಿ ಎಡವಿತೋ ಅಲ್ಲಿ ತಪ್ಪು. ಕೆಟ್ಟ ಕೀಲಿಯ ಸದ್ದು ಹಿಡಿಯುವ ಕಿವಿ ಅದನ್ನೂ ಹಿಡಿಯಿತು. ‘ಗರ್ಭ’ದಲ್ಲಿ ಎಡವಿತು, ‘ಮೂರ್ಛೆ’ಯಲ್ಲಿ ಎಡವಿತು. ಒಟ್ಟು 163 ಸಾಲು ತಿದ್ದಿದರು. ಒಂದು ಮಧ್ಯಾಹ್ನ ‘ಕಾಲು ನಂದಲ್ಲ ಅನಸತೈತಿ’ ಎಂಬ ಸಾಲು ಬಂತು. ಅದು ಪರಪ್ಪ ಹೇಳಿದ್ದು. ಭಾಗವ್ವ ಅದನ್ನು ಇನ್ನೊಮ್ಮೆ ಓದಿಸಿ ಮುಂದಿನ ಸಾಲಿಗೆ ಹೋದರು.

ಮೇ ತಿಂಗಳಲ್ಲಿ ಪಟ್ಟಿ ಶುದ್ಧವಾಯಿತು. ಕೆಂಪು, ಹಸಿರು, ಕರಿ ಮೂರರಲ್ಲೂ, ಮೊಬೈಲ್‌ನಲ್ಲೂ, ಒಂದೇ ಮಾತು ಹೇಳತೊಡಗಿತು. ಆಗ ಭಾಗವ್ವ ಆರಿಸಲು ಕುಳಿತರು. ಅದಕ್ಕೂ ಮೊದಲು ಒಂದು ಮುಂಜಾನೆ ಆಸ್ಪತ್ರೆಯ ಕಾರಿಡಾರಿಗೆ ಹೋಗಿ ನಿಂತು ನೋಡಿ ಬಂದಿದ್ದರು. ಅಲ್ಲಿ ಪ್ಲಗ್ ಇಲ್ಲ. ನೆಟ್ ಸಿಗುವುದಿಲ್ಲ. ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಮುಚ್ಚಿದ ಯಂತ್ರ ತೆರೆದ ಕೂಡಲೇ ಏಳಬೇಕು. ಶಾಂತಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಜನರ ನಡುವೆ ನಡೆಯುತ್ತಾರೆ.

“ಶೀತಲ ಹೇಳಿದ್ದs ತೊಗೊಳ್ರಿ,” ಎಂದರು. “ಆದ್ರ ಆಕಿ ಹೇಳಿದ ಕಾರಣಕ್ಕಲ್ಲ. ನಾ ಮೂರರಾಗೂ ನೋಡೀನಿ, ನೆಟ್ ಇಲ್ದ ಕನ್ನಡ ಛಂದ ಓದೂದು ಅದು. ಒಂದ ಚಾರ್ಜಿನ್ಯಾಗ ಮುಂಜಾನಿಂದ ಮಧ್ಯಾಹ್ನ ಒಂದರತನಕ ಬರತೈತಿ. ಒಂದ ಮಾತು, ಕೆಟ್ಟಿತಂದ್ರ ನನ್ನ ಕೈಗೆ ಬರೂದಿಲ್ಲ. ಒಳಗ ಬಿಚ್ಚಿ ಹಾಕೂವಂಥದ್ದು ಏನೂ ಬಿಟ್ಟಿಲ್ಲ ಆ ಕಂಪನಿಯವ್ರು. ಅದಕ್ಕ ಪಟ್ಟಿ ನಾಕ ಮಂದಿ ಮೊಬೈಲಿನ್ಯಾಗ ಇರಲಿ.”

ಗಾಳಾದ ಹಳೆಯ ಮ್ಯಾಕ್‌ಗಳ ಬ್ಯಾಟರಿ ಅಷ್ಟು ಹೊತ್ತು ಬಾರದು, ಹೊಸ ಮ್ಯಾಕ್ ಅಲ್ಲಿ ಮಾರುವುದಿಲ್ಲ. “ಏನವಾ ಭಾಗವ್ವ, ಹನ್ನೊಂದು ಸಂಡೇ ನನ್ನ ಕರೆಂಟ್ ಸುಟ್ಟು, ಗಿರಾಕಿನ ಶೋರೂಮಿಗೆ ಕಳಸ್ತಿ? ಅವ್ರs ಪಗಾರಾ ಕೊಡ್ತಾರೇನು ನಿನಗ?” ಎಂದರು ಯಲ್ಲಾಲಿಂಗ. ಭಾಗವ್ವ ತಲೆ ಎತ್ತದೆ, “ನಿಮ್ಮ ಹಂತ್ಯಾಕ ಅವ್ರಿಗೆ ಆಗೂವಂಥದ್ದಿದ್ರ ನಿಮ್ಮದನ್ನs ಹೇಳ್ತಿದ್ನಿ, ಶೇಠ್,” ಎಂದರು. ಯಲ್ಲಾಲಿಂಗ ನಕ್ಕು ಚಹಾ ತರಿಸಿದರು.

ಜೂನ್ ಮೊದಲ ವಾರ. ಅರ್ಧ ದಿನದ ರಜೆ ಹಾಕಿ ಭಾಗವ್ವ ಸಯನ್‌ಗೆ ಹೋಗಿದ್ದಾರೆ, ಕಾರಿಡಾರಿನ ಕಂಬದ ಮರೆಯಲ್ಲಿ ನಿಂತಿದ್ದಾರೆ. ಜಮಖಂಡಿ ಕಡೆಯ ಒಬ್ಬ ಹೆಣ್ಣುಮಗಳು ಗಂಡನ ಜತೆ ಬೆಂಚಿನಲ್ಲಿ ಕುಳಿತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ. ಏನಾಗತೈತಿ ತಂಗಿ ಎಂದು ಶಾಂತಪ್ಪ ಕೇಳಿದರೆ, “ತ್ರಾಸ ಐತ್ರಿ” ಎನ್ನುತ್ತಾಳೆ, ನೆಲ ನೋಡುತ್ತಾಳೆ. ಶಾಂತಪ್ಪ ಗಂಡನನ್ನು “ಹೋಗಪಾ, ಎರಡು ಚಾ ತೊಗೊಂಡ್ ಬಾ” ಎಂದು ಕಳಿಸುತ್ತಾರೆ. ಮುಚ್ಚಳ ಎತ್ತುತ್ತಾರೆ, ಹೆಂಗಸರ ತ್ರಾಸಿನ ಸಾಲುಗಳನ್ನು ಓದಲು ಹಚ್ಚಿ ಹೆಡ್‌ಫೋನ್ ಅವಳ ಕೈಗೆ ಕೊಡುತ್ತಾರೆ, ತಾವು ಮುಖ ಆಚೆ ತಿರುಗಿಸಿ ಕೂರುತ್ತಾರೆ.

ಅವಳು ಕೇಳುತ್ತಾಳೆ. ಸುತ್ತ ನೂರಾರು ಜನರ ಗದ್ದಲ. ಅವಳೊಬ್ಬಳು ಬಾವಿಯೊಳಗಿನ ನೀರು ನೋಡುವವಳಂತೆ ಬಾಗಿ ಕುಳಿತಿದ್ದಾಳೆ. ಮೂರು ನಿಮಿಷ, ನಾಲ್ಕು ನಿಮಿಷ. ತುಟಿ ಸಣ್ಣಗೆ ಅಲುಗುತ್ತದೆ. ಒಮ್ಮೆಲೇ ತೋರುಬೆರಳು ಎತ್ತುತ್ತಾಳೆ. ಪರದೆಯಲ್ಲಿ ದೊಡ್ಡಕ್ಷರದಲ್ಲಿ ನಿಂತ ಸಾಲು, ‘ಎರಡು ತಿಂಗಳಾತು, ಮುಟ್ಟು ನಿಂತಿಲ್ಲ.’ ಶಾಂತಪ್ಪ ಸಿಸ್ಟರನ್ನು ಕರೆದು ಹೆಡ್‌ಫೋನ್ ಕೊಡುತ್ತಾರೆ, ಕೆಳಗಿನ ಮರಾಠಿ ಸಾಲನ್ನು ಯಂತ್ರ ಅವರಿಗೆ ಹೇಳುತ್ತದೆ. ಸಿಸ್ಟರ್ ಅವಳ ಭುಜ ಹಿಡಿದು ನೇರ ಡಾಕ್ಟರ ಕೋಣೆಗೆ ಕರೆದೊಯ್ಯುತ್ತಾರೆ.

ಭಾಗವ್ವ ಯಾರಿಗೂ ಕಾಣಿಸಿಕೊಳ್ಳದೆ ಸ್ಟೇಷನ್ನಿನ ದಾರಿ ಹಿಡಿಯುತ್ತಾರೆ. ಮಧ್ಯಾಹ್ನದ ಪಾಳಿಗೆ ಹೋಗಬೇಕು.

“ಆ ಹೆಣಮಗಳು ಆ ಲ್ಯಾಪ್‌ಟಾಪ್ ಯಾವ ಕಂಪನೀದು, ಒಳಗ ಯಾವ ಸಿಸ್ಟಮ್ ಐತಿ ಅಂತ ಒಮ್ಮಿನೂ ನೋಡ್ಲಿಲ್ರಿ,” ಎನ್ನುತ್ತಾರೆ. “ಮಷಿನ್ ಐತಿ ಅನ್ನೂದs ಆಕಿಗೆ ಮರತು ಹೋಗಿತ್ತು. ಆವಾಗ ಗೊತ್ತಾತು ನನಗ, ಬರೋಬ್ಬರಿ ಆರಿಸೀನಿ ಅಂತ.”